ಬೆನ್ನಾಳು ಬೊಮ್ಮನ ಕೈ

"ಕೇಳಿರಪ್ಪೋ ಕೇಳಿ! ಯುವರಾಜರು ಕುಂಬಾರರ ಗುರವ್ವನ ಮನೆಗೆ ಬೆಂಕಿ ಇಟ್ಟಿದ್ದಾರೆ. ಬೆಂಕಿ ಇಟ್ಟವರ ಕೈ ಕಡಿಯಬೇಕೆಂಬುದು ಕಟ್ಟಳೆ. ವಾಡಿಕೆಯಂತೆ ಬೆನ್ನಾಳು ಬೊಮ್ಮನ ಕೈ ಕಡಿಯಲಾಗುವುದು! ಇದು ನ್ಯಾಯವೇ ಎಂದು ಊರು ಗೊಣಗುತ್ತಿರುವುದರಿಂದ ಮಹಾರಾಜರು ಮೂರು ಒಗಟು ಕೇಳುವರು. ಬಿಡಿಸಿದವರಿಗೆ ಅರ್ಧ ರಾಜ್ಯ, ತಪ್ಪಿದವರಿಗೆ ಆನೆಯ ಕಾಲು!"

ಡಂಗುರದವನ ದನಿ ಸಾಲದೆಂದು ನಾನೂ ಒಮ್ಮೆ ಕೂಗಿದೆ. ಆಚೆ ಸೀಮೆಯ ಎಮ್ಮೆಗಳು ಹಗ್ಗ ಕಿತ್ತು ಓಡಿದವು. ನಿಮ್ಮ ಮಾವ ಸುಳ್ಳು ಹೇಳುವವನಲ್ಲ. ಬೆನ್ನಾಳು ಎಂದರೆ ಯುವರಾಜ ತಪ್ಪು ಮಾಡಿದಾಗಲೆಲ್ಲ ಅವನ ಬದಲು ಏಟು ತಿನ್ನುವ ಆಳು.

"ಇದರಲ್ಲೇನೋ ಮಸಲತ್ತಿದೆ," ಎಂದು ಜನ ಪಿಸುಗುಟ್ಟಿದರು.

"ಒಬ್ಬನ ಮೈಯಿಂದ ಇನ್ನೊಬ್ಬನ ಮೈಗೆ ದಾಟುವುದು ಯಾವುದು?" ಎಂದ ರಾಜ.

"ಪಾಪ, ಮಹಾಪ್ರಭು," ಎಂದು ತಪ್ಪಿದ ಪಂಡಿತರು ಆನೆಲಾಯಕ್ಕೆ ನಡೆದರು.

"ದಾಟದೇ ಉಳಿಯುವುದು?"

"ನೋವು," ಎಂದ ದಳವಾಯಿ ಅವರ ಪಕ್ಕಕ್ಕೆ ಹೋದ.

"ಒಬ್ಬನ ಏಟನ್ನು ಇನ್ನೊಬ್ಬ ತಿಂದರೂ ಅನ್ಯಾಯವಾಗಬಾರದು. ತಿನ್ನುವವನು ಯಾರಾಗಿರಬೇಕು?"

"ತಪ್ಪಿಲ್ಲದವನು!" ಎಂದ ನೆರೆಸೀಮೆಯ ಅರಸುಮಗ.

"ತಪ್ಪಿಲ್ಲದವನನ್ನು ಹೊಡೆದರೆ ಅನ್ಯಾಯ ಹೆಚ್ಚಿತೇ ಹೊರತು ಇಳಿಯಿತೇನಯ್ಯ? ಎಳೆದೊಯ್ಯಿರಿ!"

ಆಗ ಬೊಮ್ಮ ಮುಂದೆ ಬಂದ. "ಕೈ ಹೇಗೂ ಹೋಗುತ್ತೆ ಬುದ್ಧಿ, ತಲೆಯೊಂದು ಹೆಚ್ಚೇ? ದಾಟುವುದು ಏಟು. ದಾಟದ್ದು ತಪ್ಪು. ಇಷ್ಟು ವರ್ಷ ನನ್ನ ಬೆನ್ನು ಊದಿತು, ಚಿಕ್ಕದೊರೆಗಳು ಒಮ್ಮೆಯೂ ತಿದ್ದಿಕೊಳ್ಳಲಿಲ್ಲ. ಇನ್ನು ಮೂರನೆಯದು... ಹೊಡೆಯುವ ಹಕ್ಕಿದ್ದವನೇ ತಾನಾಗಿ ತಿನ್ನಬೇಕು. ತೀರ್ಪು ಕೊಟ್ಟವರದೇ ಕೈ."

"ಯಾರೋ ಹೇಳಿಕೊಟ್ಟಿದ್ದಾರೆ!" ಎಂದು ರಾಜ ಗುಡುಗಿದ.

"ನನ್ನ ಬೆನ್ನು ಹೇಳಿಕೊಟ್ಟಿತು ಬುದ್ಧಿ."

ರಾಜ ಸಿಂಹಾಸನದಿಂದ ಇಳಿದುಬಂದು ಕೊರಡಿನ ಮೇಲೆ ತನ್ನ ಕೈಯಿಟ್ಟ. ಕೊಡಲಿ ಮೇಲೆದ್ದಿತು. ಅಲ್ಲಿಯತನಕ ಎಲೆಯಡಿಕೆ ಜಗಿಯುತ್ತಿದ್ದ ಯುವರಾಜ ಚೀರಿದ: "ಬೇಡ ಅಪ್ಪಾಜಿ! ಬೆಂಕಿ ಇಟ್ಟವನು ನಾನು!"

"ಈಗ ಬಂತಲ್ಲ ಬಾಯಿ!" ಎಂದಳು ಗುರವ್ವ. "ಕೊಡಲಿ ಇಳಿಸಯ್ಯ. ಸುಟ್ಟದ್ದು ನನ್ನ ಮನೆ, ಮನ್ನಿಸುವವಳೂ ನಾನೇ. ನನ್ನನ್ನು ಯಾರಾದರೂ ಕೇಳಿದಿರಾ? ಈ ಹುಡುಗನ ಕೈ ಮಣ್ಣು ಕಲಸಲಿ, ನನ್ನ ಗೋಡೆ ಏಳಲಿ."

ಆನೆಲಾಯದವರನ್ನೂ ಬಿಟ್ಟರು. "ಅರ್ಧ ರಾಜ್ಯ ತಗೋ," ಎಂದ ರಾಜ.

"ಬೇಡ ಬುದ್ಧಿ, ನನ್ನ ಬೆನ್ನು ನನಗೆ ಕೊಡಿ," ಎಂದ ಬೊಮ್ಮ. ಕೊಟ್ಟರು. ಆ ಅರ್ಧ ರಾಜ್ಯ ನನಗೆ ಬಂತು. ಹಿತ್ತಲಲ್ಲಿ ಹಿಡಿಸಲಿಲ್ಲವೆಂದು ಹಿಂತಿರುಗಿಸಿದೆ.

ಹೊರಡುವಾಗ ಬೊಮ್ಮ ನನ್ನ ಕಿವಿಯಲ್ಲಿ ಕೇಳಿದ: "ಮಾವ, ಗುರವ್ವ ತಡೆಯುತ್ತಾಳೆಂದು ರಾಜರಿಗೆ ಮೊದಲೇ ಗೊತ್ತಿತ್ತೇ?"

ನನಗೆ ಗೊತ್ತಿಲ್ಲದ್ದು ಲೋಕದಲ್ಲಿ ಅದೊಂದೇ. ಅದಕ್ಕೇ ಭಾನುವಾರ ಚರ್ಚಿನಲ್ಲಿ ಪಾದ್ರಿಗಳು, ನಮ್ಮೆಲ್ಲರ ತಪ್ಪಿನ ಏಟನ್ನು ದೇವರ ಮಗ ತಿಂದನೆಂದು ಶಿಲುಬೆಯ ಅರ್ಥ ಬಿಡಿಸುವಾಗಲೆಲ್ಲ ಎದ್ದು ನಿಂತು ಕೇಳುತ್ತೇನೆ: "ಸ್ವಾಮಿ, ಅಲ್ಲಿ ಮೊಳೆ ಹೊಡೆಸಿಕೊಂಡದ್ದು ಯಾರ ಕೈ? ಬೊಮ್ಮನದೋ, ರಾಜನದೋ?"