ಓರೆಯಾಗಿ ಹಿಡಿದ ದೀಪ

"ಗುರುಗಳೇ, ಇಷ್ಟು ವರ್ಷ ಸಾಧನೆ ಮಾಡಿದ ಮೇಲೂ ಮನುಷ್ಯ ಮೊದಲಿಗಿಂತ ಕೆಟ್ಟವನಾಗುವುದುಂಟೇ?" ಎಂದು ಚೆನ್ನವೀರ ಕೇಳಿದ.

ಅವನು ಮಠಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು. ಅಂದು ಬಟ್ಟೆಯ ಗಂಟು ಕಟ್ಟಿಕೊಂಡೇ ಗುರುಗಳ ಮುಂದೆ ಕುಳಿತಿದ್ದ. ಒಳಗೆ ನೋಡಿಕೊಂಡಷ್ಟೂ ಕೊಳೆಯೇ ಕಾಣುತ್ತದೆ ಎಂದು ಹೇಳಿಕೊಂಡ. ಕೋಪವಿದೆ, ಹೊಟ್ಟೆಕಿಚ್ಚಿದೆ. ಪಂಕ್ತಿಯಲ್ಲಿ ಬಡಿಸುವಾಗಲೂ ಯಾರಾದರೂ ತನ್ನನ್ನು ಗಮನಿಸುತ್ತಿದ್ದಾರೆಯೇ ಎಂದು ಕಣ್ಣು ಹುಡುಕುತ್ತದೆ. ಬಂದಾಗ ತಾನು ಹೀಗಿರಲಿಲ್ಲ. ಇನ್ನು ಇಲ್ಲಿದ್ದು ಪ್ರಯೋಜನವಿಲ್ಲ, ಊರಿಗೆ ಹೋಗಲು ಅಪ್ಪಣೆ ಕೊಡಬೇಕು ಎಂದ.

ಗುರುಗಳು ಗಂಟನ್ನು ನೋಡಿದರು. "ಚೆನ್ನಾಗಿ ಬಿಗಿದಿದ್ದೀಯೆ. ಒಂದು ಕತೆ ಕೇಳುವಷ್ಟು ಹೊತ್ತಿದೆಯೋ, ಅದೂ ಇಲ್ಲವೋ?" ಎಂದವರು ಉತ್ತರಕ್ಕೆ ಕಾಯದೆ ಹೇಳತೊಡಗಿದರು.

ಒಬ್ಬ ಗಾರೆ ಕೆಲಸದವನಿದ್ದ. ಸುತ್ತಲಿನ ಹಳ್ಳಿಗಳ ಗೋಡೆಗಳಿಗೆಲ್ಲ ಸುಣ್ಣದ ಗಾರೆ ಬಳಿದವನು ಅವನೇ. ಅವನ ಗೋಡೆಯ ಮೇಲೆ ಇರುವೆಯೂ ಜಾರುತ್ತದೆ ಎಂದು ಜನ ಹೊಗಳುತ್ತಿದ್ದರು. ಅವನೂ ಅದನ್ನು ನಂಬಿದ್ದ. ಹೊಗಳಿಕೆಯನ್ನು ನಂಬುವುದಕ್ಕೆ ಯಾರಿಗೂ ಕಷ್ಟವಾಗುವುದಿಲ್ಲ.

ಒಮ್ಮೆ ದೂರದ ಊರಿನ ದೇವಸ್ಥಾನದವರು ಅವನನ್ನು ಕರೆಸಿದರು. ಅಲ್ಲಿನ ಒಳಮಂಟಪದ ಗೋಡೆಯ ಮೇಲೆ ಚಿತ್ರ ಬರೆಸಬೇಕಿತ್ತು. ಅದು ಹಗಲಲ್ಲೂ ಕತ್ತಲಿರುವ ಮಂಟಪ. ಅವನು ಗಾರೆ ಬಳಿದು, ಹೊಳೆಯ ಕಲ್ಲಿನಿಂದ ಉಜ್ಜಿ ನುಣುಪು ಮಾಡಿ, ಚಿತ್ರಗಾರನನ್ನು ಕರೆದು ತೋರಿಸಿದ.

ಚಿತ್ರಗಾರ ಮುದುಕ. ಒಂದು ದೀಪ ಹಚ್ಚಿಕೊಂಡು ಬಂದ. ದೀಪವನ್ನು ಗೋಡೆಯ ಎದುರಿಗೆ ಹಿಡಿಯದೆ, ಗೋಡೆಯ ಹತ್ತಿರವೇ ಪಕ್ಕದಿಂದ ಹಿಡಿದ. ಬೆಳಕು ಗೋಡೆಯ ಮೇಲೆ ಓರೆಯಾಗಿ ಹರಿಯಿತು. ನುಣ್ಣಗೆ ಕಾಣುತ್ತಿದ್ದ ಗೋಡೆಯಲ್ಲಿ ಅಲ್ಲೊಂದು ಇಲ್ಲೊಂದು ಉಬ್ಬು ಎದ್ದು, ಒಂದೊಂದಕ್ಕೂ ಕಪ್ಪು ನೆರಳು ಬಿತ್ತು.

ಗಾರೆಯವನಿಗೆ ಸಿಟ್ಟು ಬಂತು. ಯಾರೂ ಗೋಡೆಯನ್ನು ಹಾಗೆ ನೋಡುವುದಿಲ್ಲ ಎಂದು ಜಗಳಕ್ಕೆ ನಿಂತ. ಮುದುಕ ಜಗಳವಾಡಲಿಲ್ಲ. ಗಾರೆ ಇನ್ನೂ ನಾಲ್ಕು ದಿನ ಹಸಿ ಇರುತ್ತದೆ, ಆಮೇಲೆ ಕೈಗೆ ಬಗ್ಗುವುದಿಲ್ಲ, ಅಷ್ಟರಲ್ಲಿ ಆಗದಿದ್ದರೆ ಕೆತ್ತಿ ಹಾಕಿ ಬೇರೆಯವರನ್ನು ಕರೆಸಬೇಕಾಗುತ್ತದೆ ಎಂದು ಹೇಳಿ, ದೀಪವನ್ನು ಅಲ್ಲೇ ಇಟ್ಟು ಹೋದ. ಹಾಗಾದರೆ ಯಾವ ಮುಖ ಹೊತ್ತು ಊರಿಗೆ ಹೋಗುವುದೆಂದು ಗಾರೆಯವನಿಗೆ ಚಿಂತೆಯಾಯಿತು.

ಮೊದಲ ದಿನ ದೀಪ ಹಿಡಿದೇ ಕೆಲಸ ಮಾಡಿದ. ಎರಡನೆಯ ದಿನ ನೆರಳು ನೋಡಿ ನೋಡಿ ಬೇಸತ್ತು, ದೀಪ ಆರಿಸಿ ಉಜ್ಜಿದ. ಅರ್ಧ ದಿನ ಬಹಳ ನೆಮ್ಮದಿಯಾಗಿತ್ತು. ಮತ್ತೆ ಹಚ್ಚಿದಾಗ ನೆರಳುಗಳು ಇದ್ದಲ್ಲೇ ಇದ್ದವು. ಹಲ್ಲು ಕಚ್ಚಿಕೊಂಡು ದೊಡ್ಡ ಉಬ್ಬುಗಳನ್ನೆಲ್ಲ ತೆಗೆದ. ಮೂರನೆಯ ದಿನ ದೀಪ ಹಿಡಿದರೆ ಗೋಡೆಯ ತುಂಬ ಎಳ್ಳು ಚೆಲ್ಲಿದಂತೆ ಸಣ್ಣ ಸಣ್ಣ ನೆರಳು. ಅವನು ಗಾರೆ ಬಳಿಯುವ ಕರಣೆಯನ್ನು ತೊಳೆದು ಚೀಲಕ್ಕೆ ಹಾಕಿಕೊಂಡು ಮುದುಕನ ಬಳಿಗೆ ಹೋದ.

"ಬೇರೆಯವರನ್ನು ಕರೆಸಿ, ಯಜಮಾನರೇ. ಮೊದಲ ದಿನ ಹತ್ತು ಕಡೆ ತಪ್ಪಿತ್ತು, ಈಗ ನೂರು ಕಡೆ ಇದೆ. ನನ್ನ ಕೈ ಕೆಟ್ಟಿದೆ" ಎಂದ.

ಮುದುಕ ಅವನನ್ನು ಮಂಟಪಕ್ಕೆ ಕರೆತಂದ. ಒಂದು ನೆರಳನ್ನು ತೋರಿಸಿ, ಅದರ ಮೇಲೆ ಬೆರಳಾಡಿಸು ಎಂದ. ಗಾರೆಯವನು ಬೆರಳಾಡಿಸಿದ. ಕಣ್ಣಿಗೆ ಕಾಣುತ್ತಿತ್ತು, ಬೆರಳಿಗೆ ಏನೂ ತಾಗಲಿಲ್ಲ.

"ಮೊದಲ ದಿನದ ಉಬ್ಬು ಅಂಗೈಗೇ ತಾಗುತ್ತಿತ್ತು. ಅದು ನಿನಗೆ ಗೊತ್ತಿರಲಿಲ್ಲ, ಅಷ್ಟೇ" ಎಂದ ಮುದುಕ. "ಈ ಸಣ್ಣವು ಆಗಲೂ ಇದ್ದವು, ಮೇಸ್ತ್ರಿ. ದೊಡ್ಡದರ ನೆರಳಲ್ಲಿ ಅಡಗಿದ್ದವು. ದೊಡ್ಡದನ್ನು ನೀನೇ ತೆಗೆದೆ, ಅದಕ್ಕೇ ಇವು ಕಂಡವು. ಇನ್ನೊಂದು ದಿನವಿದೆ. ಕರಣೆ ಹೊರಗೆ ತೆಗೆ."

ಗಾರೆಯವನು ಅತ್ತುಬಿಟ್ಟ. ಆಮೇಲೆ ಕರಣೆ ತೆಗೆದ. ನಾಲ್ಕನೆಯ ದಿನ ಸಂಜೆಯ ಹೊತ್ತಿಗೂ ಕೆಲವು ನೆರಳು ಉಳಿದೇ ಇದ್ದವು. ಮುದುಕ ಬಂದು ನೋಡಿ, ಇಷ್ಟು ಸಾಕು, ಕನ್ನಡಿಯಂತಾದರೆ ಬಣ್ಣ ಹಿಡಿಯುವುದಿಲ್ಲ ಎಂದು ಹೇಳಿ, ಮರುದಿನವೇ ಮೊದಲ ಗೆರೆ ಎಳೆದ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರನಿಗೆ ಪೂರ್ತಿ ಸಮಾಧಾನವಾಗಲಿಲ್ಲ.

"ಅವನಿಗೆ ಬೆರಳಾಡಿಸಿ ತಿಳಿಯಲು ಗೋಡೆಯಿತ್ತು, ಗುರುಗಳೇ. ನಾನು ಒಂದಿಷ್ಟಾದರೂ ತೆಗೆದಿದ್ದೇನೆ ಎಂದು ನನಗೆ ತಿಳಿಯುವುದು ಹೇಗೆ?"

ಗುರುಗಳು ನಕ್ಕರು.

"ಮಠಕ್ಕೆ ಬಂದ ದಿನ ಇದೇ ಜಾಗದಲ್ಲಿ ಕುಳಿತು, 'ನನ್ನಲ್ಲಿ ಒಂದು ತಪ್ಪೂ ಇಲ್ಲ, ಎಲ್ಲ ನಮ್ಮಣ್ಣನದೇ' ಎಂದು ಸಂಜೆಯವರೆಗೆ ಹೇಳಿದ್ದೆಯಲ್ಲಪ್ಪ."