ಪುಕ್ಕಟೆ ಗುಡ್ಡ

ಒಂದು ಇಡೀ ಗುಡ್ಡ, ಪುಕ್ಕಟೆ. ಬದಲಿಗೆ ಆಶ್ರಮದ ಗುರುಗಳ ಒಂದು ರುಜು. ವ್ಯಾಪಾರ ಅಷ್ಟೇ.

ದೇವರು ಮಾಡಿದ ಗುಡ್ಡವಲ್ಲ ಅದು. ಗೊಬ್ಬರಕ್ಕಾಗುವ ರಂಜಕದ ಕಲ್ಲು ಅಗೆಯುವ ಗಣಿಯವರು ಒಳ್ಳೆಯದನ್ನು ಆರಿಸಿಕೊಂಡು, ಆಶ್ರಮದ ಪಕ್ಕ ಹೊಳೆದಂಡೆಗೆ ಸುರಿದ ಬೂದು ಹುಡಿ. ಹೋದ ಮಳೆಗಾಲದಲ್ಲಿ ಜಾರಿ ಕೆಳಗಿನ ಕೇರಿಯ ಅರ್ಧವನ್ನು ಮುಚ್ಚಿತ್ತು. ಶಿಷ್ಯ ಗವಿಯಪ್ಪನ ಅಕ್ಕ ಅದರಡಿ ಹೋದಳು.

ಗವಿಯಪ್ಪ ಅತ್ತು ಸುಮ್ಮನಾಗಲಿಲ್ಲ. ಹುಡಿಯನ್ನು ತಂದು ಸಗಣಿ ಗುಂಡಿಯಲ್ಲಿ ಕೊಳೆಸಿದ. ಬರೀ ಹುಡಿ ಚೆಲ್ಲಿದಾಗ ಮಿಸುಕದಿದ್ದ ಜೋಳ, ಕೊಳೆತ ಗೊಬ್ಬರಕ್ಕೆ ಎದೆಮಟ್ಟ ಬಂತು. ಸುದ್ದಿ ಗಣಿಯ ದಣಿಗೆ ಮುಟ್ಟಿತು. ಗುಡ್ಡ ನೀವೇ ಇಟ್ಟುಕೊಳ್ಳಿ ಎಂದು ಆತನೇ ಕಾಗದ ಕಳಿಸಿದ.

"ಅಕ್ಕನನ್ನು ನುಂಗಿದ್ದು ನಾಲ್ಕೂರಿಗೆ ಅನ್ನ ಹಾಕುತ್ತದೆ, ಗುರುಗಳೇ. ರುಜು ಹಾಕಿಬಿಡಿ."

"ಕಾಗದದಲ್ಲಿ ಏನಿದೆ?"

"ಗುಡ್ಡ ಮೊದಲಿನಿಂದಲೂ ಆಶ್ರಮದ್ದು, ಅದರಿಂದ ಹಿಂದೆ ಆದದ್ದು, ಮುಂದೆ ಆಗುವುದು ಆಶ್ರಮದ ತಲೆಗೆ ಅಂತಿದೆ. ಬರೆಯುವವರ ವಾಡಿಕೆ ಅದು. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಬೇಕೇ?"

"ದಣಿ ಕೊಟ್ಟರೆ ಮೊಳ ಹಾಕಲೇಬೇಕು."

ಗುರುಗಳು ಎದ್ದು ಆಶ್ರಮದ ಕಂಚಿನ ಗಂಗಾಳಗಳನ್ನೆಲ್ಲ ಹೊರಿಸಿಕೊಂಡು ಹೋಗಿ ಸಂತೆಯಲ್ಲಿ ಮಾರಿದರು. ಆ ದುಡ್ಡು ಹಿಡಿದು, ಸಂತೆಯ ನಡುವೆಯೇ ಕೂತಿದ್ದ ದಣಿಯ ಮುಂದೆ ನಿಂತರು.

"ಗುಡ್ಡದ ಹುಡಿ ಬಂಡಿಗೆ ಎಷ್ಟು?"

"ಪುಕ್ಕಟೆ ಕೊಡ್ತೀನಂದ್ರೆ ದುಡ್ಡು ಹಿಡ್ಕೊಂಡು ಬಂದೀರಲ್ಲ, ಸ್ವಾಮೇರೆ?"

"ನಮಗೆ ಕೊಂಡದ್ದೇ ಬೇಕು."

ಸಂತೆಯವರು ನಕ್ಕರು. ಗವಿಯಪ್ಪ ತಲೆ ತಗ್ಗಿಸಿದ. ಎದುರಿಗೆ ಬಂದ ದುಡ್ಡನ್ನು ಬೇಡವೆನ್ನುವ ಕೈ ದಣಿಯದ್ದಲ್ಲ. ಅವನೂ ನಗುತ್ತಲೇ ಬೆಲೆ ಹೇಳಿ ಎಣಿಸಿಕೊಂಡ.

ಎಂಟು ಬಂಡಿ ಹುಡಿ ಬಂತು. ಅಷ್ಟರಲ್ಲಿ ಮಣ್ಣಡಿ ಹೋದವರ ಕಡೆಯವರು ದಣಿಯ ಬಾಗಿಲಿಗೆ ಹೋಗಿ ಕೂತಿದ್ದರು.

"ಆ ಗುಡ್ಡ ನಂದಲ್ಲ, ಹಿಂದಿನ ಕಾಲದ್ದು ಅಂತಿದ್ದೆಯಲ್ಲ. ನಿಂದಲ್ಲದ್ದನ್ನ ಸಂತೇಲಿ ಹೆಂಗ್ ಮಾರಿದೆ?"

ದಣಿ ಬಾಗಿಲು ಹಾಕಿಕೊಂಡ. ಗುಡ್ಡಕ್ಕೆ ಕಾವಲು ಬಿತ್ತು. ಒಂಬತ್ತನೆಯ ಬಂಡಿ ಬರಿದಾಗಿ ಹಿಂದಿರುಗಿತು.

ಮಳೆ ಹಿಡಿಯಿತು. ಕೇರಿಯಲ್ಲಿ ಉಳಿದವರು ಗಂಟುಮೂಟೆ ಕಟ್ಟಿಕೊಂಡು ಆಶ್ರಮದ ಜಗಲಿಗೆ ಬಂದರು. ಗಂಗಾಳವಿಲ್ಲ, ಎಲ್ಲರೂ ಮುತ್ತುಗದೆಲೆಯಲ್ಲಿ ಗಂಜಿ ಉಂಡರು. ಆಚೆ ಗುಡ್ಡ ನೆನೆಯುತ್ತಿತ್ತು, ಇದ್ದಷ್ಟೇ ಎತ್ತರ.

"ರುಜು ಹಾಕಿದ್ದರೆ ಇಷ್ಟರಲ್ಲಿ ಒಂದು ಮಗ್ಗುಲಾದರೂ ಕರಗಿಸುತ್ತಿದ್ದೆ," ಎಂದ ಗವಿಯಪ್ಪ. "ಗಂಗಾಳ ಹೋದವು. ಗುಡ್ಡ ಹಾಗೇ ಇದೆ. ನಮಗೆ ದಕ್ಕಿದ್ದೇನು, ಗುರುಗಳೇ?"

ಗುರುಗಳು ಎಲೆ ಮಡಿಚಿದರು.

"ಎಂಟು ಬಂಡಿ ಹುಡಿ. ಮತ್ತೆ, ನಿಮ್ಮಕ್ಕನ ಸಾವು ಗುಡ್ಡದ ಯಜಮಾನನ ಲೆಕ್ಕದಲ್ಲೇ ಉಳಿಯಿತು."