ಹಣ್ಣು ತರದ ನಾಯಕ

ಮಂಗಟ್ಟೆ ಹಕ್ಕಿಗಳಲ್ಲಿ ಹೆಂಡತಿ ಮರದ ಪೊಟರೆಯೊಳಗೆ ಕೂತು, ಪೊಟರೆಯ ಬಾಯಿಗೆ ಮಣ್ಣು ಮೆತ್ತಿಕೊಂಡು ಮರಿ ಮಾಡುತ್ತಾಳೆ. ಗಂಡ ಸಣ್ಣ ಬಿರುಕಿನಿಂದ ಹಣ್ಣು ಕೊಡಬೇಕು. ಅಂಥ ಒಬ್ಬ ಗಂಡ ಅರಣ್ಯ ಬಂಗಲೆಯ ಜಗುಲಿಯಲ್ಲಿ ಯಾರೋ ಬಿಟ್ಟುಹೋಗಿದ್ದ ಪ್ರೇಮ ಕಾದಂಬರಿಗಳನ್ನು ಓದಿದ. ಅಂದಿನಿಂದ ಬರಿಗೊಕ್ಕಿನಲ್ಲಿ ಬಂದು, ಎದುರು ಕೊಂಬೆಯಲ್ಲಿ ಮುಖ ತಿರುಗಿಸಿ ಕೂರತೊಡಗಿದ.

ಮೂರನೆಯ ದಿನ ಹೆಂಡತಿ ಕೇಳಿದಳು: "ರೀ, ಹಣ್ಣೆಲ್ಲಿ? ಮರಿಗಳಿಗೆ ಕೂಗುವ ಶಕ್ತಿಯೂ ಉಳಿದಿಲ್ಲ."

"ಹಣ್ಣು ತರುವವನು ನಾಯಕನಲ್ಲ, ನಾಯಕನ ಗೆಳೆಯ. ನಾನು ಭಾರಿ ಶ್ರೀಮಂತ, ಮಹಾ ಸಿಡುಕ. ನನಗೊಂದು ಹಳೆಯ ಗಾಯವಿದೆ."

"ಎಲ್ಲಿ ಗಾಯ?"

"ಮನಸ್ಸಿನಲ್ಲಿ. ಅದನ್ನು ನೀನು ಪ್ರೀತಿಯಿಂದ ವಾಸಿ ಮಾಡಬೇಕು. ಮೊದಲು ಒತ್ತಾಯದ ಮದುವೆ, ಆಮೇಲೆ ದ್ವೇಷ, ಆಮೇಲೆ ಪ್ರೇಮ. ಓದುವವರಿಗೆ ಅದೇ ಇಷ್ಟ."

"ಎಷ್ಟು ದಿನ?"

"ಮುನ್ನೂರು ಪುಟ. ಕೊನೆಯಲ್ಲಿ ಒಂದು ಸಲ ನಗುತ್ತೇನೆ."

"ಅಷ್ಟರಲ್ಲಿ ಮರಿಗಳು ಸತ್ತಿರುತ್ತವೆ."

"ಕಾದಂಬರಿಯಲ್ಲಿ ಮರಿಗಳು ಊಟ ಕೇಳುವುದಿಲ್ಲ."

ಹೆಂಡತಿ ಮಣ್ಣಿನ ಗೋಡೆ ಒಡೆದು ಹೊರಬಂದಳು. ಮೊಟ್ಟೆಗೆ ಕೂತಾಗ ಉದುರಿದ ಗರಿ ಅರ್ಧವೂ ಹುಟ್ಟಿರಲಿಲ್ಲ. ಗಂಡನ ಕುತ್ತಿಗೆ ಹಿಡಿದು ಪೊಟರೆಯೊಳಗೆ ದಬ್ಬಿ, ಹೊಸದಾಗಿ ಮಣ್ಣು ಮೆತ್ತಿದಳು.

"ಇನ್ನು ಒಳಗೇ ಕೂತು ಸಿಡುಕು. ಮರಿಗಳ ಮೈಯಾದರೂ ಬೆಚ್ಚಗಿರುತ್ತದೆ," ಎಂದು ಹೇಳಿ, ಬೀಳುತ್ತ ಏಳುತ್ತ ಆಲದ ಮರಕ್ಕೆ ಹೋಗಿ ಹಣ್ಣು ತಂದಳು.

ಬಿರುಕಿನಲ್ಲಿ ಮೂರು ಕೊಕ್ಕುಗಳು ಬಾಯ್ದೆರೆದು ನಿಂತಿದ್ದವು. ಎಲ್ಲಕ್ಕಿಂತ ಜೋರಾಗಿ ಅರಚುತ್ತಿದ್ದದ್ದು ದೊಡ್ಡ ಕೊಕ್ಕು. ಚಿಕ್ಕವೆರಡರ ಹೊಟ್ಟೆ ತುಂಬುವವರೆಗೂ ಅವಳು ಅದರ ಕಡೆ ನೋಡಲಿಲ್ಲ.